ಚುಕ್ಕೆಯಿಲ್ಲದ ಪುಟ

ಹಡಗಿನ ಎಂಜಿನ್ ಕೋಣೆಯಲ್ಲಿ ಒಂಬತ್ತು ವರ್ಷ ಬೆವರು ಸುರಿಸಿ ಬಂದ ಸೋದರಮಾವನನ್ನು ಮನೆಯವರೆಲ್ಲ ಹಡಗುಮಾವ ಎನ್ನುತ್ತಿದ್ದರು. ಆಮೇಲೆ ಅವನು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟ. ಹಡಗಿನಿಂದ ತಂದ ಆಸ್ತಿಯೆಂದರೆ ಜೊತೆಗಾರರಿಂದ ಕಲಿತ ಒಂದಿಷ್ಟು ಸ್ಪ್ಯಾನಿಷ್, ಅದೇ ಭಾಷೆಯ ಒಂದು ಕಾದಂಬರಿ.

ಪುಟ್ಟಿಗೆ ಎಂಟು ವರ್ಷವಾಗಿದ್ದಾಗ ಅಮ್ಮ ಏಳು ತಿಂಗಳು ಆಸ್ಪತ್ರೆಯಲ್ಲಿದ್ದಳು. ಶಾಲೆ ಬಿಟ್ಟರೆ ಪುಟ್ಟಿ ಮಾವನ ಅಂಗಡಿಗೇ ಬರುತ್ತಿದ್ದಳು. ಎಣ್ಣೆಯ ವಾಸನೆ, ಬಿಚ್ಚಿಟ್ಟ ಬಾಬಿನ್‌ಗಳು, ಸ್ಟೂಲಿನಿಂದ ತೂಗಾಡುವ ತನ್ನ ಕಾಲು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಾವ ಕೈಯೊರೆಸಿಕೊಂಡು ಪುಸ್ತಕ ತೆರೆಯುತ್ತಿದ್ದ. ನಿಘಂಟು ಇರಲಿಲ್ಲ. ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಿಂದ ಚುಕ್ಕೆಯಿಟ್ಟು ಮುಂದೆ ಹೋಗುವುದು ಅವನ ಪದ್ಧತಿ. ಓದಿದ್ದನ್ನು ಅವಳಿಗೆ ತಿಳಿಯುವ ಹಾಗೆ ಹೇಳುತ್ತಿದ್ದ. ಇಬ್ಬರು ಅಕ್ಕತಂಗಿಯರು, ಒಂದು ಚಪ್ಪಲಿ ಅಂಗಡಿ. ಅಕ್ಕ ಹಾಸಿಗೆ ಹಿಡಿಯುತ್ತಾಳೆ. ಚಳಿಗಾಲ ಕಳೆದ ಮೇಲೆ ಎದ್ದು ಬಂದು ಅಂಗಡಿಯಲ್ಲಿ ಕೂರುತ್ತಾಳೆ.

"ಆಮೇಲೆ ಏನ್ಮಾಡಿದ್ಳು ಮಾವ?"

"ಗಿರಾಕಿಗಳ ಕಾಲು ಅಳೆದ್ಳು ಕಣೇ. ಇನ್ನೇನು ಕುಣೀತಾಳಾ?"

ಅಮ್ಮನೂ ಎದ್ದು ಮನೆಗೆ ಬಂದಳು. ಕಥೆ ಅಲ್ಲಿಗೇ ನಿಂತಿತು.

ಆ ಕಾದಂಬರಿಯ ಆಸೆಗೇ ಪುಟ್ಟಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಸ್ಪ್ಯಾನಿಷ್ ತರಗತಿ ಸೇರಿದಳು. ಎರಡು ವರ್ಷದಲ್ಲಿ ಅಲ್ಲಿ ಟಿಕೆಟ್ ಕೊಳ್ಳುವುದು ಕಲಿಸಿದರು, ಹವಾಮಾನ ವಿಚಾರಿಸುವುದು ಕಲಿಸಿದರು. ಕಾದಂಬರಿಯಲ್ಲಿ ಯಾರೂ ಟಿಕೆಟ್ ಕೊಳ್ಳಲಿಲ್ಲ. ಒಂದು ಪುಟಕ್ಕೆ ಒಂದು ಗಂಟೆ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತುಹೋಗಿರುತ್ತಿತ್ತು. ನಿಘಂಟು ಎಂಟು ಅರ್ಥ ಕೊಟ್ಟರೆ ಬೇಕಾದದ್ದು ಒಂಬತ್ತನೆಯದಾಗಿರುತ್ತಿತ್ತು. ಆದರೂ ಮಾವನ ಚುಕ್ಕೆಗಳು ಜೊತೆಗಿದ್ದವು. ಅವನು ಎಡವಿದಲ್ಲೆಲ್ಲ ಅವಳೂ ಎಡವುತ್ತಿದ್ದಳು.

ಈಗ ಮಾವನ ಕಣ್ಣು ಮಂಜಾಗಿತ್ತು. ಭಾನುವಾರದ ಮಧ್ಯಾಹ್ನಗಳಲ್ಲಿ ಅವಳು ಅವನಿಗೆ ಓದಿ ಹೇಳುತ್ತಿದ್ದಳು. ಒಂದು ಶನಿವಾರ ಮರುದಿನಕ್ಕೆ ತಯಾರಿ ಮಾಡಿಕೊಳ್ಳುವಾಗ ಎಪ್ಪತ್ತಮೂರನೆಯ ಪುಟದಲ್ಲಿ ಒಂದೂ ಚುಕ್ಕೆ ಕಾಣಲಿಲ್ಲ. ಬಾಗಿಲು, ಹಾಸಿಗೆ, ಕೈ, ಬೆಳಗು, ತಣ್ಣಗೆ. ಎಲ್ಲವೂ ಸುಲಭದ ಪದಗಳು. ಮೊದಲ ಸಲ ಅವಳು ಒಂದು ಪುಟವನ್ನು ಒಂದೇ ಉಸಿರಿಗೆ ಓದಿದಳು. ಚಪ್ಪಲಿ ಅಂಗಡಿಯ ಅಕ್ಕ ಆ ಬೆಳಿಗ್ಗೆ ಸತ್ತಿದ್ದಳು.

ಹಳೆಯ ಪುಸ್ತಕ. ಕೂಡಿಕೊಂಡೇ ಬರುತ್ತಿದ್ದ ಹಾಳೆಗಳ ಅಂಚನ್ನು ಓದುವವರೇ ಬ್ಲೇಡಿನಿಂದ ಬಿಡಿಸಿಕೊಳ್ಳಬೇಕಿತ್ತು. ಅಲ್ಲಿಂದಾಚೆಗೆ ಒಂದನ್ನೂ ಬಿಡಿಸಿರಲಿಲ್ಲ.

ಭಾನುವಾರ ಎಪ್ಪತ್ತೆರಡನೆಯ ಪುಟ ಮುಗಿಸಿ ಅವಳು ಪುಸ್ತಕ ಮುಚ್ಚಿದಳು.

"ಏನೇ, ಗಂಟಲು ಕಟ್ತಾ?"

"ಇವತ್ತಿಗೆ ಸಾಕು ಮಾವ."

"ಸಾಕಂತೆ! ಎರಡು ವರ್ಷ ಕಲಿತಿದ್ದು ಇಷ್ಟೇನಾ?"

"ಮುಂದಿನ ಪುಟ ನಿಮಗೆ ಗೊತ್ತಲ್ಲ."

ಮಾವ ಮಂಡಿ ಸವರಿಕೊಂಡ.

"ಗೊತ್ತು. ಅವತ್ತು ಆಸ್ಪತ್ರೆಯಿಂದ ಬಂದಿದ್ದೆ. ನಿಮ್ಮಮ್ಮನ ಸುದ್ದಿ ಚೆನ್ನಾಗಿರಲಿಲ್ಲ. ನೀನು ಆ ಸ್ಟೂಲಿನ ಮೇಲೆ ಕೂತು ನನ್ನ ಬಾಯನ್ನೇ ನೋಡ್ತಿದ್ದೆ. ತೋಚಿದ್ದು ಹೇಳಿಬಿಟ್ಟೆ. ಆಮೇಲೆ ಇದನ್ನ ಮುಟ್ಟೋಕೆ ಧೈರ್ಯ ಬರಲಿಲ್ಲ."

"ನೀವು ಹೇಳಿದ ಕಥೆನೇ ಇರಲಿ ಬಿಡಿ ಮಾವ."

"ಅದು ನಿನಗೆ ಹೇಳಿದ್ದು. ನನಗೆ ಯಾರು ಹೇಳಿದ್ರು? ಆ ತಂಗಿ ಏನಾದ್ಳು ಅಂತ ಹದಿನೆಂಟು ವರ್ಷದಿಂದ ಕಾಯ್ತಿದೀನಿ. ಓದು."

ಅವಳು ಓದಿದಳು. ಅರ್ಥ ಹೇಳು ಎಂದು ಮಾವ ಕೇಳಲಿಲ್ಲ. ಪುಟ ಮುಗಿದಾಗ ಕೈ ಚಾಚಿ, ಕೂಡಿಕೊಂಡ ಹಾಳೆಗಳ ಅಂಚನ್ನು ತಡವಿ ಹುಡುಕಿ ಬಿಗಿಯಾಗಿ ಹಿಡಿದುಕೊಂಡ. ಅವಳು ಮೆಲ್ಲಗೆ ಬ್ಲೇಡು ಎಳೆದಳು.

ಹೊಸ ಪುಟದ ಮೊದಲ ಸಾಲಿನಲ್ಲೇ ಮೂರು ಪದ ಗೊತ್ತಿರಲಿಲ್ಲ.

"ಪೂರ್ತಿ ತಿಳೀತಿಲ್ಲ ಮಾವ. ತಂಗಿ ಅಂಗಡಿ ಬಾಗಿಲು ತೆಗೆದ್ಳು ಅನ್ಸುತ್ತೆ."

"ತೆಗೆದ್ಳಾ?" ಮಾವ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ಇನ್ನೊಂದ್ಸಲ ಓದು, ನಿಧಾನಕ್ಕೆ."