ಮಾಸ್ತರರ ಮಣ್ಣು

ಈರವ್ವ ಹಿಡಿಮಣ್ಣು ಹಾಕಿ ಕೈ ಕೊಡವಿಕೊಳ್ಳುವಷ್ಟರಲ್ಲಿ ಇಳಿಜಾರಿನಲ್ಲಿ ನಿಂತಿದ್ದ ಹಳದಿ ಯಂತ್ರ ಗುರುಗುಟ್ಟತೊಡಗಿತು. ಗಂಡ ಶಿವರುದ್ರಪ್ಪನ ಪೆಟ್ಟಿಗೆ ಆಗಲೇ ಕುಣಿಯೊಳಗೆ ಇಳಿದಿತ್ತು.

"ಏನದು?" ಎಂದಳು.

"ಮಣ್ಣು ಮುಚ್ಚೋ ಮಷೀನು, ವೈನಿ," ಎಂದ ಮೈದುನ ವೀರಣ್ಣ. "ನಾವು ಹ್ವಾದಮ್ಯಾಲೆ ಅವರು ಮುಚ್ಚತಾರ. ಈ ಅಮೆರಿಕಾದಾಗ ಪದ್ಧತಿನ ಹಂಗ. ನಡೀರಿ, ಮನ್ಯಾಗ ಮಂದಿ ಕಾಯಾಕತ್ತಾರ."

"ನಿಮ್ಮಣ್ಣಗ ಮಷೀನಿನ ಮಣ್ಣೇನು?"

ಸುತ್ತಲಿನ ಡಬ್ಲಿನ್, ಮಿಲ್ಪಿಟಾಸ್ ಊರುಗಳಿಂದ ಬಂದಿದ್ದ ಕನ್ನಡದವರು ತಮ್ಮ ಆಫೀಸು ಬೂಟುಗಳನ್ನು ನೋಡಿಕೊಂಡರು. ಶಿವರುದ್ರಪ್ಪನ ಹಳೆಯ ಸಹೋದ್ಯೋಗಿ ದೇವರಾಜು ಮೆಲ್ಲಗೆ ಹೇಳಿದ: "ಅಮ್ಮ ಹೇಳೋದು ಸರಿನೇ ವೀರಣ್ಣ. ಆದ್ರೆ ಈಗ ಸಲಿಕೆ ಎಲ್ಲಿಂದ ತರೋದು?"

ಕುಣಿಯ ಆಚೆ ಬದಿಗೆ ಯಹೂದಿ ಶಾಲೆಯವರು ನಿಂತಿದ್ದರು. ಎಂಟನೇ ಕ್ಲಾಸಿನ ಮಕ್ಕಳು, ಕೆಲವರ ತಂದೆತಾಯಿಗಳು, ಪ್ರಿನ್ಸಿಪಾಲ್ ನಯೋಮಿ. ಶಿವರುದ್ರಪ್ಪ ಮೂರು ವರ್ಷ ಅವರಿಗೆ ಗಣಿತ ಕಲಿಸಿದ್ದ.

*

ತೊಂಬತ್ತೇಳರಲ್ಲಿ ಪಕ್ಕದ ಸೀಟಿನಲ್ಲಿದ್ದ ಅವನು ಕಂಪನಿ ಕೆಲಸ ಬಿಟ್ಟೆ ಎಂದದ್ದೇ ದೇವರಾಜು ಕಾರನ್ನು ಫ್ರೀವೇಯಿಂದ ಇಳಿಸಿ ನಿಲ್ಲಿಸಿದ್ದ.

"ತಲೆ ಕೆಟ್ಟಿದ್ಯಾ ಶಿವರುದ್ರಪ್ಪನೋರೆ? ಕಂಪ್ನಿ ಇನ್ನೇನು ಐಪಿಓಗೆ ಹೋಗುತ್ತೆ, ನಮ್ ಶೇರುಗಳಿಗೆ ಬೆಲೆ ಬರುತ್ತೆ. ಈಗ ಬಿಟ್ಟು ಸ್ಕೂಲಿಗೆ ಹೋಗ್ತಾರಾ ಯಾರಾದ್ರೂ? ಅದೂ ಅವ್ರ ಸ್ಕೂಲಿಗೆ?"

ಕಂಪನಿಯ ಪರವಾಗಿ ಆ ಶಾಲೆಯ ಕಂಪ್ಯೂಟರುಗಳನ್ನು ಜೋಡಿಸಿಕೊಡಲು ಹೋದ ಶಿವರುದ್ರಪ್ಪ, ಹೆರಿಗೆಗೆ ಹೋಗಿದ್ದ ಟೀಚರ್ ಬದಲು ಒಂದು ಕ್ಲಾಸು ತೆಗೆದುಕೊಂಡಿದ್ದ. ಅಮೆರಿಕಕ್ಕೆ ಬರುವ ಮೊದಲು ಧಾರವಾಡದಲ್ಲಿ ಅವನು ಮಾಸ್ತರನೇ ಆಗಿದ್ದ.

"ಅಲ್ಲಿ ಹುಡುಗ್ರು ಭಾಳ ಜಗಳಗಂಟರು ದೇವರಾಜು," ಎಂದಿದ್ದ. "ಮುಂಜಾನೆ ತಮ್ಮ ಧರ್ಮಗ್ರಂಥ ತಗದು ಒಂದೊಂದು ಸಾಲಿಗೂ ವಾದಾ ಹಾಕ್ತಾರ. ಅವರ ಗುರುಗೋಳು ಬೈಯಂಗಿಲ್ಲ, ಖುಷಿ ಪಡ್ತಾರ. ಅದ ಬಿಸಿಯೊಳಗ ನನ್ನ ಆಲ್ಜೀಬ್ರಾಕ್ಕ ಬರ್ತಾರ. ಹಿಂಥಾ ಕ್ಲಾಸು ನನಗ ಎಂದೂ ಸಿಕ್ಕಿದ್ದಿಲ್ಲ."

ಡಬ್ಲಿನ್‌ನಲ್ಲಿ ಮನೆ ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಅವರು ಕ್ಯಾಂಪ್‌ಬೆಲ್‌ನ ಅಪಾರ್ಟ್‌ಮೆಂಟಿನಲ್ಲೇ ಉಳಿದರು. ವೀರಣ್ಣ ಒಂದು ವರ್ಷ ಅಣ್ಣನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

*

ನಯೋಮಿ ಕುಣಿಯನ್ನು ಬಳಸಿ ಬಂದು, ಯಂತ್ರ ಬೇಡವೇ ಎಂದು ಕೇಳಿದಳು. ಈರವ್ವನ ಮಗಳು ಶಿವಾನಿ ಅವ್ವನಿಗೆ ಅದನ್ನು ಕನ್ನಡದಲ್ಲಿ ಹೇಳಿದಳು. ಈರವ್ವ ಬೇಡವೆಂದು ತಲೆಯಾಡಿಸಿದಳು.

"ನಮ್ಮಲ್ಲೂ ನಾವೇ ಮುಚ್ಚುವುದು," ಎಂದಳು ನಯೋಮಿ. "ಹೋದ ವರ್ಷ ನಮ್ಮ ಹುಡುಗಿ ತಾಮಾರಳ ಅಜ್ಜಿಯ ಮಣ್ಣಿಗೆ ಬಂದಾಗ ಶಿವ ಸಲಿಕೆ ಹಿಡಿದಿದ್ದರು. ನಮ್ಮೂರಿನಲ್ಲೂ ಹೀಗೇ ಎಂದು ಮಕ್ಕಳಿಗೆ ಹೇಳಿದ್ದರು. ಅದಕ್ಕೇ ಶಾಲೆಯ ತೋಟದ ಸಲಿಕೆಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದೆವು. ನೀವು ಒಪ್ಪಿದರೆ ಮಾತ್ರ."

ವೀರಣ್ಣ ಹೋಗಿ ಸ್ಮಶಾನದ ಮ್ಯಾನೇಜರನ ಹತ್ತಿರ ಮಾತಾಡಿದ. ಯಂತ್ರ ನಿಂತಿತು.

ಮೊದಲು ಆ ತಾಮಾರಳೇ ಬಂದು ಮಣ್ಣು ಎಳೆದಳು. ಅವಳು ದಣಿದಾಗ ದೇವರಾಜು ಕೈ ಚಾಚಿದ. ಅವಳು ಕೊಡಲಿಲ್ಲ, ಸಲಿಕೆಯನ್ನು ಮಣ್ಣಿನಲ್ಲಿ ಚುಚ್ಚಿ ಸರಿದು ನಿಂತಳು.

"ಕೈಯಿಂದ ಕೈಗೆ ಕೊಡೋದಿಲ್ಲವಂತೆ," ಎಂದು ದೇವರಾಜು ನಯೋಮಿಯನ್ನು ಕೇಳಿಕೊಂಡು ಪಕ್ಕದವನಿಗೆ ಹೇಳಿದ. "ದುಃಖ ದಾಟಿಸ್ದಂಗೆ ಆಗುತ್ತಂತೆ." ಅವನು ಕೋಟು ತೆಗೆದು ಹುಲ್ಲಿನ ಮೇಲಿಟ್ಟು, ಸಲಿಕೆಯನ್ನು ಮಣ್ಣಿನಿಂದ ಎಳೆದುಕೊಂಡ.

ತಾಮಾರ್ ಶಿವಾನಿಯ ಪಕ್ಕಕ್ಕೆ ಬಂದಳು. "ನೀನೇನಾ ಶಿವಾನಿ? ಶಿವಾನಿ ಮೆಥಡ್‌ನ ಶಿವಾನಿ?"

"ವಾಟ್?"

"ಸಮೀಕರಣವನ್ನು ತಕ್ಕಡಿ ಬರೆದು ಬಿಡಿಸುವುದು. ನಮ್ಮ ಕ್ಲಾಸಿನಲ್ಲಿ ಅದಕ್ಕೆ ಅದೇ ಹೆಸರು. ನನ್ನದಕ್ಕಿಂತ ನನ್ನ ಮಗಳದ್ದೇ ಚೆನ್ನಾಗಿದೆ ಅಂತ ಪ್ರತಿ ವರ್ಷ ಹೇಳಿಕೊಡುತ್ತಿದ್ದರು."

*

ಅಡುಗೆಮನೆಯ ಟೇಬಲ್ಲಿಗೆ ಕೂತು ಶಿವಾನಿ ಹಾಳೆಯಲ್ಲಿ ಆ ತಕ್ಕಡಿಗಳನ್ನು ಬರೆದದ್ದು ಒಂದು ಗುರುವಾರ ಸಂಜೆ. ಅಂದು ಅವಳ ಡಿಬೇಟ್ ಇತ್ತು. ಅಪ್ಪ ಬಂದಿರಲಿಲ್ಲ. ಗುರುವಾರ ಯಹೂದಿ ಶಾಲೆಯ ಮಕ್ಕಳು ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿಯವರಿಗೆ ಊಟ ಬಡಿಸುತ್ತಿದ್ದರು; ಅವನು ಅವರ ಜೊತೆ ಹೋಗಿದ್ದ.

ತಡವಾಗಿ ಬಂದವನು ಅವಳ ಬೆನ್ನ ಹಿಂದೆ ನಿಂತು ನೋಡಿದ. "ಇದು ನನಗ ಹೊಳೀಲಿಲ್ಲ ನೋಡವಾ. ಹೆಂಗ ಮಾಡಿದಿ, ತೋರ್ಸು."

"ಗೋ ಟೀಚ್ ಯುವರ್ ಕಿಡ್ಸ್, ಅಪ್ಪಾ," ಎಂದು ಅವಳು ಎದ್ದು ರೂಮಿಗೆ ಹೋಗಿದ್ದಳು.

ಅವನು ಆ ಹಾಳೆ ನೋಡುತ್ತ ಬಹಳ ಹೊತ್ತು ಟೇಬಲ್ಲಿನ ಮುಂದೆ ಕೂತಿದ್ದ ಎಂದು ಈರವ್ವ ಮರುದಿನ ಹೇಳಿದಾಗ ಅವಳು ಕೇಳಿಸಿಕೊಂಡಂತೆ ತೋರಿಸಿರಲಿಲ್ಲ.

*

ಶಿವಾನಿ ಹೋಗಿ ಸಲಿಕೆ ಹಿಡಿದಳು. ಬೇರೆಯವರು ಎರಡು ಮೂರು ಸಲ ಹಾಕಿ ಬಿಡುತ್ತಿದ್ದರು, ಅವಳು ಬಿಡಲಿಲ್ಲ. ಕೊನೆಗೆ ಈರವ್ವನೇ ಬಂದು ಭುಜ ಮುಟ್ಟಿದಳು.

"ಸಾಕ್ ಬಿಡ ಮಗಾ. ಉಳಿದವ್ರಿಗೂ ಇರ್ಲಿ."

ಕುಣಿ ತುಂಬಿ ಮಣ್ಣು ಮೇಲೆದ್ದಾಗ ಶಾಲೆಯವರು ಸಮಾಧಿಯಿಂದ ದಾರಿಯವರೆಗೆ ಎದುರುಬದುರಾಗಿ ಎರಡು ಸಾಲು ನಿಂತರು. ಮನೆಯವರು ನಡುವೆ ಹಾದು ಹೋಗಬೇಕು ಎಂದು ನಯೋಮಿ ಹೇಳಿದಳು. ಸ್ವಲ್ಪ ಹೊತ್ತು ನೋಡಿದ ಕನ್ನಡದವರೂ ಅಲ್ಲಲ್ಲಿ ಜಾಗ ಮಾಡಿಕೊಂಡು ಸೇರಿದರು. ಈರವ್ವ ಮಗಳ ಕೈ ಹಿಡಿದು ನಡೆದಳು. ಮಕ್ಕಳು ಹೀಬ್ರೂವಿನಲ್ಲಿ ಸಮಾಧಾನದ ಮಾತು ಹೇಳುತ್ತಿದ್ದರು. ದೇವರಾಜು ಮಣ್ಣಾದ ಕೈಗಳನ್ನು ಜೋಡಿಸಿದ.

ವೀರಣ್ಣ ಇನ್ನೂ ಸಮಾಧಿಯ ಬಳಿಯೇ ಇದ್ದ. ಮೊಣಕಾಲೂರಿ ಕೂತು ಅಣ್ಣನ ಮೇಲಿನ ಮಣ್ಣನ್ನು ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡುತ್ತಿದ್ದ. ಯಾರೂ ಅವನನ್ನು ಕರೆಯಲಿಲ್ಲ. ಅವನು ಎದ್ದು ಬರಲೆಂದು ಎರಡೂ ಸಾಲುಗಳು ಬಿಸಿಲಿನಲ್ಲಿ ಹಾಗೆಯೇ ನಿಂತಿದ್ದವು.