ಇನ್ನೊಂದು ಸಲಕ್ಕೆ ಬಿಟ್ಟದ್ದು

"ಒಡೀಬೇಡ! ಆ ಸುತ್ತಿಗೆ ಕೆಳಗಿಡು ಮೊದ್ಲು!"

ಕೂಗಿದ್ದು ಮೊಳೆ. ಕೂಗಿದ ಭರಕ್ಕೆ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಸಣ್ಣ ಮೊಳೆಗಳಲ್ಲಿ ಒಂದು ಜಾರಿ ನೆಲಕ್ಕೆ ಬಿತ್ತು. ಬದುಕಿಡೀ ಬಾಯಲ್ಲಿ ಮೊಳೆ ಇಟ್ಟುಕೊಂಡೇ ಮಾತಾಡಿದ ಮನುಷ್ಯ. ಮೊಳೆ ಎಂದು ಕರೆದೂ ಕರೆದೂ ಅವನಿಗೆ ಬೇರೊಂದು ಹೆಸರಿದೆ ಎಂಬುದೇ ಜನಕ್ಕೆ ಮರೆತುಹೋಗಿತ್ತು.

ಮಗ ಸುತ್ತಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ಹೊತ್ತಾಗ್ತಿದೆ ಚಿಕ್ಕಪ್ಪ. ಹೊರಗೆ ವ್ಯಾನಿನವನು ಆಗಿಂದ ಕಾಯ್ತಿದಾನೆ. ಒಂದು ಗಾಜು ತಾನೆ? ನಾಳೆ ಹೊಸದು ಹಾಕಿಸಿದ್ರಾಯ್ತು."

"ನಿಮ್ಮಪ್ಪ ಹಾಕಿದ ಗಾಜು ಒಡೆದು ನಿಮ್ಮಪ್ಪನ್ನ ಕಳಿಸ್ತೀಯಾ? ಪೆಟ್ಟಿಗೆಯಿಂದ ಎದ್ದು ಕೂತು ನನಗೆ ಬೈತಾನೆ ಅವನು. ನಿನಗಲ್ಲ, ನನಗೆ."

ಬಾಗಿಲ ಬಳಿ ನಿಂತಿದ್ದವರಲ್ಲಿ ಯಾರೋ ನಕ್ಕುಬಿಟ್ಟರು. ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ತೊಂದರೆ ಆಗಿದ್ದು ಇಷ್ಟೇ. ಬೆಳಿಗ್ಗೆ ಖಾಲಿ ಶವಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಮುಂಬಾಗಿಲಿನ ಇಕ್ಕಟ್ಟಿನ ಹಾದಿಯಲ್ಲಿ ಹೇಗೋ ಒಳಗೆ ತಂದಿದ್ದರು. ಈಗ ಅದರಲ್ಲಿ ಮನುಷ್ಯ ಮಲಗಿದ್ದ. ಮಲಗಿದವನನ್ನು ನಿಲ್ಲಿಸಿಕೊಂಡು ಹೋಗಲು ಯಾರಿಗೂ ಮನಸ್ಸು ಬರಲಿಲ್ಲ. ಅಡ್ಡಲಾಗಿ ಹೊತ್ತರೆ ಮೂಲೆಯಲ್ಲಿ ತಿರುಗಲೊಲ್ಲದು. ಗೋಡೆಯ ಬಣ್ಣ ಕೆರೆದು, ಹೊತ್ತವರು ಬೆವೆತು, ಪೆಟ್ಟಿಗೆಯನ್ನು ಮತ್ತೆ ಮುಂದಿನ ಕೋಣೆಗೇ ತಂದು ಇಳಿಸಿದ್ದರು. ಉಳಿದದ್ದು ಬೀದಿಯ ಕಡೆಯ ದೊಡ್ಡ ಕಿಟಕಿ.

ಸತ್ತವನ ಹೆಂಡತಿ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತೇ ಕಿಟಕಿಯ ಕಡೆ ತಿರುಗಿದಳು. "ಬೀರು ಬಂದದ್ದೂ ಅಲ್ಲಿಂದಲೇ," ಎಂದಳು. "ಅವತ್ತೂ ಗಾಜು ಬಿಚ್ಚಿದ್ರು. ಒಂದು ಗೀರೂ ಬೀಳಲಿಲ್ಲ."

"ಕೇಳ್ದಾ? ಅತ್ತಿಗೆ ಹೇಳ್ತಿರೋದು ಕೇಳು," ಎಂದ ಮೊಳೆ, ಉಳಿಯ ತುದಿಯಿಂದ ಚೌಕಟ್ಟಿನ ಅಂಚಿನಲ್ಲಿ ಗಾಜು ಕೂರಿಸಲು ಮೆತ್ತಿದ್ದ ಪುಟ್ಟಿಯನ್ನು ಕೆರೆಯುತ್ತಾ. ಪುಟ್ಟಿ ಕಲ್ಲಾಗಿತ್ತು. "ನೋಡಿ, ಬಿಡಲ್ಲ ಅಂತದೆ. ಎಂಥಾ ಕೈ ಅಣ್ಣಂದು!"

ಪೆಟ್ಟಿಗೆಯಲ್ಲಿ ಮಲಗಿದವನು ಊರಿಗೆಲ್ಲ ಗಾಜಣ್ಣ. ಕಿಟಕಿ, ಷೋಕೇಸು, ಕನ್ನಡಿ, ಒಡೆದದ್ದು ಏನೇ ಇರಲಿ, ಗಾಜಣ್ಣ ಬಂದು ಅಳೆದು ಕೊಯ್ದು ಕೂರಿಸಿ ಹೋಗುತ್ತಿದ್ದ. ಮೊನ್ನೆ ಸಂಜೆ ಅಂಗಡಿಯಲ್ಲಿ ಗಾಜು ಒರೆಸುತ್ತಾ ಕೂತವನು ಹಾಗೇ ಮೇಜಿಗೆ ತಲೆಯಿಟ್ಟ. ನಿದ್ದೆ ಹತ್ತಿರಬೇಕೆಂದು ಮೊಳೆ ಸದ್ದು ಮಾಡದೆ ಕೆಲಸ ಮುಂದುವರಿಸಿದ್ದನಂತೆ. ಅದನ್ನು ಎರಡು ದಿನದಿಂದ ಬಂದವರಿಗೆಲ್ಲ ಹೇಳಿ ಹೇಳಿ ಅಳುತ್ತಿದ್ದ.

ಹೆಂಡತಿ ಅಳಲಿಲ್ಲ. ಅವಳಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿತ್ತು. ಗಂಡನನ್ನು ಅವಳು ಕೇಳಬೇಕೆಂದಿದ್ದದ್ದು ಇಡೀ ಸಂಸಾರದಲ್ಲಿ ಅದೊಂದೇ: ಆವತ್ತು ಆ ಬಾಗಿಲಿನಿಂದ ನನ್ನನ್ನು ಯಾಕೆ ವಾಪಸ್ಸು ಕರೆದುಕೊಂಡು ಬಂದಿರಿ? ಕೇಳಿದರಾಯಿತು, ಎಲ್ಲಿ ಹೋಗುತ್ತಾರೆ ಎಂದುಕೊಂಡು ವರ್ಷಗಳನ್ನು ದೂಡಿದ್ದಳು. ಈಗ ನೋಡಿದರೆ ಅವನು ಕಿಟಕಿಯ ಮೂಲಕ ಹೊರಟು ನಿಂತಿದ್ದ.

*

ಆಗ ಮಕ್ಕಳು ಚಿಕ್ಕವರು. ಮಗಳಿಗೆ ಮುಂದಿನ ಹಲ್ಲು ಬಿದ್ದಿದ್ದ ಕಾಲ, ಮಗ ಇನ್ನೂ ಹೆಗಲ ಮೇಲೆ. ಹಳೆಯ ವಿಶ್ವವಿದ್ಯಾಲಯದ ನಗರಕ್ಕೆ ಹೋಗಿ ಬರೋಣವೆಂದು ಹೊರಡಿಸಿದ್ದೇ ಅವಳು. ಬೆಳಗಿನ ರೈಲು, ಬ್ರೆಡ್ಡಿನ ಪೊಟ್ಟಣ, ಬೇಯಿಸಿದ ಮೊಟ್ಟೆ, ಒಂದು ಕಂಬಳಿ. ಗಾಜಣ್ಣನಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಕಲ್ಲು ಹಾಸಿದ ಬೀದಿಯುದ್ದಕ್ಕೂ ಕಿಟಕಿ ಕಂಡಲ್ಲೆಲ್ಲ ನಿಂತ. "ನೋಡು, ಈ ಗಾಜು ಹಳೇದು, ಒಳಗೆ ನೀರು ಅಲುಗಾಡಿದ ಹಾಗೆ ಕಾಣ್ತದೆ," ಎಂದು ಮಗಳನ್ನು ಎತ್ತಿ ತೋರಿಸಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ವಿದ್ಯಾರ್ಥಿಗಳಿಗೆ ಮಗ ಕೈ ಬೀಸಿದ, ಅವರೂ ಬೀಸಿದರು. ನದಿಯಲ್ಲಿ ದೋಣಿ ಹತ್ತಿದರು, ಹುಲ್ಲಿನ ಮೇಲೆ ಕಂಬಳಿ ಹಾಸಿ ತಿಂದರು, ಹಳೆಯ ಪುಸ್ತಕದ ಅಂಗಡಿಯಲ್ಲಿ ಮಳಿಗೆಯವನ ಬೆಕ್ಕಿನ ಜೊತೆ ಮಕ್ಕಳು ಆಡಿದರು.

ಆದರೆ ಅವಳು ಬಂದದ್ದು ದೋಣಿಗಲ್ಲ. ಮದುವೆಗೆ ಮುಂಚೆ ಆ ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ಅವಳಿಗೆ ಸೀಟು ಸಿಕ್ಕಿತ್ತು. ಅದೇ ಬೇಸಗೆಯಲ್ಲಿ ಅವಳ ಅಪ್ಪನ ಮನೆಯ ಕಿಟಕಿಗೆ ಗಾಜು ಹಾಕಲು ಇವನು ಬಂದ. ಅಳತೆ ತಪ್ಪಿತೆಂದು ಇನ್ನೊಮ್ಮೆ ಬಂದ. ಪುಟ್ಟಿ ಒಣಗಿದೆಯೋ ನೋಡಲು ಮತ್ತೊಮ್ಮೆ ಬಂದ. ಅಳತೆ ತಪ್ಪದವನೆಂದು ಹೆಸರಾಗಿದ್ದವನಿಗೆ ಆ ಒಂದು ಮನೆಯಲ್ಲಿ ಮಾತ್ರ ಅಳತೆ ಮೇಲಿಂದ ಮೇಲೆ ತಪ್ಪುತ್ತಿತ್ತು. ಓದಬೇಕೋ, ಅವನು ಬೇಕೋ, ಎರಡರಲ್ಲಿ ಒಂದನ್ನು ಹೇಳು ಎಂದ ಅವಳ ಅಪ್ಪ. ಅವಳು ಹೇಳಿದಳು. ಯಾರ ಬಲವಂತವೂ ಇರಲಿಲ್ಲ.

ಅದಕ್ಕೇ ರೈಲಿನಲ್ಲಿ ಕೂತು ಒಂದು ಮಾತನ್ನು ತಯಾರು ಮಾಡಿಕೊಂಡಿದ್ದಳು. ಆ ದೊಡ್ಡ ಬಾಗಿಲು ದಾಟಿ ಒಳಗೆ ಹೋಗಬೇಕು, ಅಂಗಳದ ನಡುವೆ ನಿಲ್ಲಬೇಕು, ಸೊಂಟದ ಮೇಲೆ ಕೈಯಿಟ್ಟು ಅವನಿಗೆ ಹೇಳಬೇಕು: "ನೋಡ್ರೀ, ಇಲ್ಲಿಗೆ ಬಂದಿದ್ರೆ ಲೆಕ್ಕ ಕಲೀತಿದ್ದೆ. ಲೆಕ್ಕ ತಪ್ಪಿ ನಿಮ್ಮನ್ನ ಕಟ್ಕೊಂಡೆ. ಆ ತಪ್ಪು ಲೆಕ್ಕಾನೇ ಸರಿ ಹೋಯ್ತು." ಅವನು ಪೆಚ್ಚಾಗಿ ನಗುವುದನ್ನು ನೆನೆದು ಕಿಟಕಿಯ ಕಡೆ ಮುಖ ತಿರುಗಿಸಿ ಒಬ್ಬಳೇ ನಕ್ಕಿದ್ದಳು.

ಸಂಜೆಗೆ ಬಾಗಿಲ ಬಳಿ ಬಂದರು. ಆನೆ ಹೋಗುವಷ್ಟು ದೊಡ್ಡ ಮರದ ಬಾಗಿಲು, ಅದರೊಳಗೆ ಮನುಷ್ಯರು ಹೋಗುವ ಚಿಕ್ಕ ಬಾಗಿಲು, ಅದು ತೆರೆದಿತ್ತು. ಆಚೆ ಹಸಿರು ಅಂಗಳ, ಸುತ್ತ ಕಮಾನುಗಳು. "ಬನ್ನಿ ಬನ್ನಿ, ಇನ್ನೂ ಹೊತ್ತಿದೆ," ಎಂದ ಕಾವಲುಗಾರ. ಪುಸ್ತಕವನ್ನು ಎದೆಗೆ ಅವುಚಿಕೊಂಡ ಹುಡುಗಿಯೊಬ್ಬಳು ಒಳಗಿನಿಂದ ಓಡಿಬಂದು ಇವಳನ್ನು ದಾಟಿ ಹೋದಳು. ಇವಳ ಕಣ್ಣು ತುಂಬಿತು. ಯಾಕೆಂದು ಇವಳಿಗೇ ತಿಳಿಯಲಿಲ್ಲ. ಒಂದು ಕ್ಷಣ ತುಂಬಿತು, ಅಷ್ಟೆ. ನಗು ಅದರ ಹಿಂದೆಯೇ ಬರುತ್ತಿತ್ತು.

ಅಷ್ಟರಲ್ಲಿ ಅವನು ಅವಳ ಮೊಣಕೈ ಹಿಡಿದ. "ಇದು ಬೇಡ. ಇನ್ನೊಂದ್ಸಲಕ್ಕೆ ಇರಲಿ," ಎಂದ. "ಎಲ್ಲಾ ಇವತ್ತೇ ನೋಡಿಬಿಟ್ರೆ ಮತ್ತೆ ಬರೋಕೆ ನೆಪ ಏನಿರ್ತದೆ?"

"ಇಲ್ಲೀವರೆಗೆ ಬಂದು..."

"ಮಕ್ಕಳಿಗೆ ಐಸ್‌ಕ್ರೀಮು ಕೊಡಿಸೋಣ, ಬಾ."

ಐಸ್‌ಕ್ರೀಮು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮಕ್ಕಳನ್ನು ತಡೆಯುವವರು ಯಾರು? ಕುಣಿದುಕೊಂಡು ಮುಂದೆ ಓಡಿದರು.

ಹೀಗೆ ಆ ಮನೆಗೆ ಒಂದು ಪದ್ಧತಿ ಹುಟ್ಟಿತು. ಎಲ್ಲಿಗೆ ಹೋದರೂ ಒಂದನ್ನು ನೋಡದೆ ಬಿಟ್ಟು ಬರಬೇಕು. ಸಮುದ್ರಕ್ಕೆ ಹೋದರು, ದೀಪಸ್ತಂಭ ಬಿಟ್ಟರು. ಮೃಗಾಲಯಕ್ಕೆ ಹೋದರು, ಸಿಂಹವನ್ನು ಬಿಟ್ಟರು. ಸಿಂಹ ನೋಡದೆ ಬಂದ ಮಕ್ಕಳೆಂದು ಶಾಲೆಯಲ್ಲಿ ಎಲ್ಲರೂ ಆಡಿಕೊಂಡರು. ಈ ಸಲ ಯಾವುದನ್ನು ಬಿಡುವುದೆಂದು ಹೊರಡುವ ಮೊದಲೇ ಮಕ್ಕಳು ಜಗಳವಾಡುತ್ತಿದ್ದರು. ತಮಾಷೆಯೆಂದರೆ ಬಿಟ್ಟು ಬಂದ ಯಾವುದಕ್ಕೂ ಅವರು ಮತ್ತೆ ಹೋಗಲಿಲ್ಲ. ರಜೆ ಬಂದಾಗಲೆಲ್ಲ ಹೊಸ ಊರು, ಬಿಡಲು ಹೊಸದೊಂದು.

ಅವಳೂ ನಗುತ್ತಿದ್ದಳು. ಆದರೆ ಆ ಬಾಗಿಲನ್ನು ಮರೆಯಲಿಲ್ಲ. ತಾನು ಬಿಟ್ಟುಕೊಟ್ಟದ್ದನ್ನು ಕಣ್ಣೆತ್ತಿ ನೋಡುವ ಸೌಜನ್ಯವೂ ಇವರಿಗೆ ಇಲ್ಲದೆ ಹೋಯಿತಲ್ಲ ಎನಿಸಿತು. ಅಥವಾ ಅಲ್ಲಿ ತಾನು ಸಣ್ಣವನಾಗಿ ಕಾಣುತ್ತೇನೆಂಬ ಬಿಗುಮಾನವೋ? ಅಂದಿನಿಂದ ಓದಿನ ಮಾತು, ಆ ನಗರದ ಮಾತು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಅವನು ಎತ್ತದೆ ಇದ್ದದ್ದೇ ಅವಳ ಸಿಟ್ಟಿಗೆ ಸಾಕ್ಷಿಯಾಯಿತು.

*

ಪೆಟ್ಟಿಗೆ ಕಿಟಕಿಯಿಂದ ಸಲೀಸಾಗಿ ಹೊರಬಂತು. ಬಿಚ್ಚಿದ ಗಾಜನ್ನು ಮೊಳೆ ಕಂಬಳಿ ಸುತ್ತಿ ಗೋಡೆಗೆ ಆನಿಸಿಟ್ಟು, ಎರಡೆರಡು ಸಲ ತಿರುಗಿ ನೋಡಿ, ವ್ಯಾನಿನ ಹಿಂದಿನ ಕಾರಿನಲ್ಲಿ ಅವಳ ಪಕ್ಕ ಬಂದು ಕೂತ. ಮುಂದೆ ಮಗ ಓಡಿಸುತ್ತಿದ್ದ, ಅವನ ಪಕ್ಕ ಮಗಳು.

"ಅಪ್ಪ ಇದ್ದಿದ್ರೆ ಈ ದಾರೀಲೂ ಕಿಟಕಿ ಎಣಿಸ್ಕೊಂಡು ಹೋಗೋರು," ಎಂದಳು ಮಗಳು.

"ಇವತ್ತು ಯಾವುದನ್ನ ಬಿಡೋದು ಅಂತಾನೂ ಕೇಳೋರು," ಎಂದ ಮಗ.

ಮೊಳೆ ಮೂಗು ಒರೆಸಿಕೊಂಡ. ಬಾಯಲ್ಲಿ ಮೊಳೆ ಇಲ್ಲದ್ದರಿಂದ ಅವನ ಮಾತು ಬೇರೆ ಯಾರದೋ ಮಾತಿನಂತೆ ಕೇಳಿಸಿತು. "ಅತ್ತಿಗೆ, ಅಣ್ಣನ ಮೇಲೆ ನನಗೆ ಇರೋದು ಒಂದೇ ಸಿಟ್ಟು. ಹೋದವನ ಮೇಲೆ ಹೇಳ್ಬಾರದು, ಆದ್ರೂ ಹೇಳ್ತೀನಿ. ಆ ಹಳೇ ವಿಶ್ವವಿದ್ಯಾಲಯದ ಲೈಬ್ರರಿ ಕಿಟಕಿ ಕೆಲಸ ನಮ್ಮ ಕೈಗೆ ಬಂದಿತ್ತು. ಎಷ್ಟು ಎತ್ತರದ ಕಿಟಕಿಗಳು ಅಂತೀರಿ! ಗಾಜಿನ ಕೆಲಸದವನು ಬದುಕಲ್ಲಿ ಒಂದು ಸಲ ಕೈಯಿಟ್ರೆ ಸಾಕು ಅಂಥದ್ದು. ಅಣ್ಣ ಆಗಲ್ಲ ಅಂದುಬಿಟ್ಟ."

ಅವಳು ಅವನ ಕಡೆ ತಿರುಗಿದಳು. "ಯಾವಾಗ? ನನಗೆ ಹೇಳಲೇ ಇಲ್ಲ."

"ಹೇಳ್ಬೇಡ ಅಂದಿದ್ದ. ನಾನು ಬಿಡ್ಲಿಲ್ಲ, ಯಾಕೆ ಯಾಕೆ ಅಂತ ಜೀವ ತಿಂದೆ. ಕೊನೆಗೆ ಒಂದಿನ ಬಾಯಿಬಿಟ್ಟ. 'ಆ ಬಾಗಿಲಲ್ಲಿ ಅವಳ ಕಣ್ಣಲ್ಲಿ ನೀರು ನೋಡಿದೀನಿ ಕಣೋ. ಅದು ನಾನು ಅವಳ ಕೈಯಿಂದ ಕಿತ್ಕೊಂಡ ಜಾಗ. ಒಳಗೆ ಕರ್ಕೊಂಡು ಹೋಗಿ ಇನ್ನೂ ಅಳಿಸಲಾ? ಏನೋ ನೆಪ ಹೇಳಿ ಐಸ್‌ಕ್ರೀಮು ಕೊಡಿಸಿ ಕರ್ಕೊಂಡು ಬಂದೆ. ಈಗ ಅಲ್ಲಿಗೇ ಹೋಗಿ ಕಿಟಕಿ ಒರೆಸ್ಕೊಂಡು ದುಡೀಲಾ?' ಅಂದ."

ಕಾರು ಎಲ್ಲೋ ತಿರುಗಿತು. ಅವಳಿಗೆ ರಸ್ತೆ ಕಾಣಲಿಲ್ಲ. ಹಸಿರು ಅಂಗಳವೂ ಕಮಾನುಗಳೂ ತನ್ನ ಮೊಣಕೈ ಮೇಲಿನ ಅವನ ಬಿಸಿ ಕೈಯೂ ಕಂಡವು. ಆಗ ಅವನು ಮುಖ ತಿರುಗಿಸಿಕೊಂಡಿದ್ದನೇ? ತಿರುಗಿಸಿಕೊಂಡಿದ್ದ. ಅದನ್ನು ಆಗಲೇ ಗಮನಿಸಿದ್ದಳು. ಸಿಟ್ಟು ಅದನ್ನು ಒರೆಸಿ ಹಾಕಿತ್ತು. ಇನ್ನೊಂದು ನಿಮಿಷ ಅವನು ಕಾದಿದ್ದರೆ ನಗು ಬರುತ್ತಿತ್ತು. ಇನ್ನೊಂದು ನಿಮಿಷ ತಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಮೇಜಿನಲ್ಲಿ ಉಂಡು, ಅವನು ತನ್ನನ್ನು ಕಳ್ಳನೆಂದುಕೊಂಡು, ಇವಳು ಅವನನ್ನು ಕಲ್ಲೆಂದುಕೊಂಡು, ಇಬ್ಬರೂ ಮುದುಕರಾಗಿಬಿಟ್ಟಿದ್ದರು.

"ಪೆದ್ದ," ಎಂದಳು.

"ಏನಂದ್ರಿ ಅತ್ತಿಗೆ?"

"ನಿಮ್ಮಣ್ಣ ಪೆದ್ದ ಅಂದೆ. ನಾನು ಅವರಿಗಿಂತ ಪೆದ್ದಿ. ನಾನು ಅಲ್ಲಿಗೆ ಅಳೋಕೆ ಹೋಗಿದ್ದೆನೇನೋ? ಅವರನ್ನ ರೇಗಿಸೋಕೆ ಹೋಗಿದ್ದೆ." ಎರಡು ದಿನದಿಂದ ಬಾರದ ಅಳು ಆಗ ಬಂತು. ಮೊಳೆ ಏನು ಮಾಡಬೇಕೆಂದು ತಿಳಿಯದೆ ಪುಟ್ಟಿ ಮೆತ್ತಿದ ತನ್ನ ಕರವಸ್ತ್ರವನ್ನೇ ಚಾಚಿದ. ಅವಳು ಅದನ್ನೇ ತೆಗೆದುಕೊಂಡು ಮುಖ ಒತ್ತಿಕೊಂಡಳು. ಅದು ಅಂಗಡಿಯ ಎಣ್ಣೆಯ ವಾಸನೆ ಹೊಡೆಯುತ್ತಿತ್ತು, ಅವನ ಅಂಗಿಗಳ ಹಾಗೆ.

ಕನ್ನಡಿಯಲ್ಲಿ ನೋಡಿದ ಮಗ ಕಾರನ್ನು ನಿಧಾನ ಮಾಡಿದ. "ಅಮ್ಮ? ನಿಲ್ಲಿಸ್ಲಾ?"

"ಬೇಡಪ್ಪ. ಹೋಗು. ಕಾಯ್ತಿರ್ತಾರೆ."

*

ಸ್ಮಶಾನದಲ್ಲಿ ಮಣ್ಣು ಅಗೆದು ಒಂದು ಪಕ್ಕಕ್ಕೆ ರಾಶಿ ಹಾಕಿದ್ದರು. ಬಂದವರು ಬಹಳ ಮಂದಿ ಇರಲಿಲ್ಲ: ಅಕ್ಕಪಕ್ಕದ ಮನೆಯವರು, ಬೇಕರಿಯವನು, ಅಂಗಡಿ ಸಾಲಿನ ದರ್ಜಿ, ಕನ್ನಡಿ ಒಡೆದಾಗಲೆಲ್ಲ ಕರೆಯುತ್ತಿದ್ದ ಕ್ಷೌರದವನು. ಗಾಜಣ್ಣನ ಬಗ್ಗೆ ಎರಡು ಮಾತಾಡಿ ಎಂದು ಯಾರೋ ಕ್ಷೌರದವನನ್ನು ಮುಂದೆ ತಳ್ಳಿದರು. ಅವನು ಗಂಟಲು ಸರಿಮಾಡಿಕೊಂಡು, "ಅವರು ಹಾಕಿದ ಗಾಜು ಬಿದ್ದದ್ದು ನಾನು ನೋಡಿಲ್ಲ," ಎಂದು ಹೇಳಿ ಹಿಂದೆ ಸರಿದ. ಅದಕ್ಕಿಂತ ಹೆಚ್ಚು ಹೇಳುವುದೂ ಇರಲಿಲ್ಲ.

ಪೆಟ್ಟಿಗೆ ಇಳಿಯಿತು. ಮಗ ಒಂದು ಹಿಡಿ ಮಣ್ಣು ಹಾಕಿದ. ಮಗಳು ಹಾಕಿದಳು. ಮೊಳೆ ಹಿಡಿಯಲ್ಲಿದ್ದ ಕಲ್ಲುಗಳನ್ನೆಲ್ಲ ಆರಿಸಿ ತೆಗೆದು ಬರೀ ಮೆತ್ತನೆಯ ಮಣ್ಣನ್ನು ನಿಧಾನ ಬಿಟ್ಟ. ಕೊನೆಗೆ ಮಗಳು ತಾಯಿಯ ಬಲಗೈಯಲ್ಲಿ ಒಂದು ಹಿಡಿ ತುಂಬಿಸಿದಳು.

ಅವಳು ಅಂಚಿನಲ್ಲಿ ನಿಂತಳು. ಕೈ ಚಾಚಿದಳು. ಬೆರಳು ಬಿಚ್ಚಲಿಲ್ಲ.

"ಅಮ್ಮ, ಹಾಕು," ಎಂದಳು ಮಗಳು ಮೆಲ್ಲಗೆ.

ಅವಳು ಕೆಳಗೆ ನೋಡುತ್ತಲೇ ಇದ್ದಳು. ತುಟಿ ಅಲುಗಿತು. ಹತ್ತಿರವಿದ್ದ ಮಗಳಿಗೆ "ಲೆಕ್ಕ" ಎಂಬ ಒಂದು ಮಾತು ಕೇಳಿಸಿತು, ಉಳಿದದ್ದು ಕೇಳಿಸಲಿಲ್ಲ. ಮಾತು ಮುಗಿದ ಮೇಲೆ ತಾಯಿಯ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. ಆಮೇಲೆ ಅವಳು ಚಾಚಿದ ಕೈಯನ್ನು ಹಾಗೇ ಎದೆಯ ಹತ್ತಿರ ತಂದುಕೊಂಡು ಹಿಂದಕ್ಕೆ ತಿರುಗಿದಳು.

ಅಗೆಯುವವರು ಮುಖ ಮುಖ ನೋಡಿಕೊಂಡರು. ಮೊಳೆ ತಲೆಯಾಡಿಸಿದ, ಅವರು ಸಲಿಕೆ ಎತ್ತಿಕೊಂಡರು.

ಗೇಟಿನ ಬಳಿ ಒಂದು ನಲ್ಲಿ ಇತ್ತು. ಎಲ್ಲರೂ ಸಾಲಾಗಿ ನಿಂತು ಮಣ್ಣಿನ ಕೈ ತೊಳೆದುಕೊಂಡರು. ಮನೆಗೆ ಹೋಗಿ ಕತ್ತಲಾಗುವ ಮೊದಲೇ ಗಾಜು ಕೂರಿಸಬೇಕು, ಇಲ್ಲದಿದ್ದರೆ ಅತ್ತಿಗೆಗೆ ಚಳಿ ಎಂದು ಮೊಳೆ ಮಗನಿಗೆ ಹೇಳುತ್ತಿದ್ದ. ಅವಳ ಸರದಿ ಬಂದಾಗ ಮಗಳು ನಲ್ಲಿ ತಿರುಗಿಸಿ ಹಿಡಿದಳು. ಅವಳು ಎಡಗೈಯನ್ನು ನೀರಿಗೆ ಒಡ್ಡಿ, ಸೀರೆಯ ಅಂಚಿಗೆ ಒರೆಸಿಕೊಂಡಳು.

"ಇನ್ನೊಂದು ಕೈ ಅಮ್ಮ?"

"ಅದು ಇನ್ನೊಂದ್ಸಲಕ್ಕೆ," ಎಂದಳು.

ಮಗಳು ಬಿಗಿದ ಮುಷ್ಟಿಯನ್ನೂ ತಾಯಿಯ ಮುಖವನ್ನೂ ನೋಡಿದಳು. ನಲ್ಲಿ ನಿಲ್ಲಿಸಿ, ಮುಂದೆ ಹೋಗಿ, ಅವಳಿಗಾಗಿ ಕಾರಿನ ಬಾಗಿಲು ತೆರೆದು ಹಿಡಿದಳು.