ಎಡಗಡೆಯ ಕತ್ತಲು

“ಆಕಾಶವೇನೋ ಸೊಗಸಾಗಿ ಬಂದಿದೆ ಯಜಮಾನ್ರೇ. ಮಿಕ್ಕಿದ್ದೆಲ್ಲ ಬರೀ ಮಸಿ,” ಎಂದ ಸ್ಟುಡಿಯೋದವನು, ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಳ್ಳುತ್ತ.

ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಡ್ರೈವರನಿಗೆ ಇದೇನೂ ಹೊಸ ಮಾತಲ್ಲ. ಕ್ಯಾಮೆರಾ ತಂದು ಕೊಡುವುದು, ಬೈಸಿಕೊಳ್ಳುವುದು, ಮಾರನೆಯ ಬೆಳಿಗ್ಗೆ ಮತ್ತೆ ಅದೇ ಕಲ್ಲುಗಣಿಗೆ ಹೋಗಿ ಅದೇ ತಪ್ಪು ಮಾಡುವುದು, ನಿವೃತ್ತಿಯಾದಾಗಿನಿಂದ ಇದೇ ಅವನ ಡ್ಯೂಟಿ. ಅರವತ್ತಕ್ಕೆ ಅರಳು ಮರಳು ಎಂದು ಬೀದಿಯವರು ನಕ್ಕರೆ ತಾನೂ ನಗುತ್ತಿದ್ದ. ಜೀವಮಾನವೆಲ್ಲ ದೂರದೂರಿನ ಬಸ್ಸು ಓಡಿಸಿದವನು. ಎದುರಿನ ಬೆಳಕು ಕಣ್ಣು ಕುಕ್ಕಿತೆಂದರೆ ಸಾವು ಪಕ್ಕದ ಸೀಟಿನಲ್ಲೇ ಕೂತಿದೆ ಎಂದು ಮೈಗೆ ಹತ್ತಿಸಿಕೊಂಡವನು. ಹಾಗಾಗಿ ಕ್ಯಾಮೆರಾದ ಪರದೆಯಲ್ಲಿ ಆಕಾಶ ಚೂರು ಬೆಳ್ಳಗಾದರೂ ಸಾಕು, ಅವನ ಹೆಬ್ಬೆರಳು ತಾನಾಗಿ ತಿರುಪನ್ನು ತಿರುಗಿಸಿ ಬೆಳಕು ಇಳಿಸಿಬಿಡುತ್ತಿತ್ತು. ಮೋಡದ ಒಂದೊಂದು ಎಳೆಯೂ ಬರುತ್ತಿತ್ತು, ಕೆಳಗಿನ ನೀರು, ಬಂಡೆ, ಮರಗಳೆಲ್ಲ ಕತ್ತಲಿಗೆ ಬೀಳುತ್ತಿದ್ದವು. ಇನ್ನು ಚೌಕಟ್ಟಿನ ವಿಷಯವಂತೂ ಕೇಳುವುದೇ ಬೇಡ. ಮೂಗಿನ ನೇರಕ್ಕೆ ನೋಡಿ ಬದುಕಿದವನಿಗೆ ಎಲ್ಲವೂ ನಟ್ಟನಡುವೆಯೇ ಇರಬೇಕು.

“ಎಷ್ಟು ಸಲ ಹೇಳ್ಲಿ? ನಡುವೆ ಕಣ್ಣು ನೆಟ್ಟು ಕೂರ್ಬೇಡಿ. ಅಂಚು ನೋಡಿ, ಮೂಲೆ ನೋಡಿ. ಮನಸ್ಸಲ್ಲೇ ಅಡ್ಡಕ್ಕೆ ಮೂರು ಪಾಲು, ಉದ್ದಕ್ಕೆ ಮೂರು ಪಾಲು ಮಾಡ್ಕೊಳ್ಳಿ. ಗೆರೆ ಸೇರೋ ಕಡೆ ಏನಾದ್ರೂ ಇರ್ಲಿ. ಒಂದು ಮರ, ಒಂದು ಕಲ್ಲು, ಒಬ್ಬ ಮನುಷ್ಯ. ಬರೀ ನೀರು, ಆಕಾಶ ತೆಗೆದ್ರೆ ನೋಡೋರ ಕಣ್ಣು ಎಲ್ಲಿ ಹೋಗಿ ಕೂರ್ಬೇಕು?”

“ಮನುಷ್ಯರು ಬಂದ್ಮೇಲೆ ಅದು ಲ್ಯಾಂಡ್‌ಸ್ಕೇಪ್ ಹೇಗಪ್ಪಾ ಆಗುತ್ತೆ?”

“ಅದ್ಯಾರು ಹೇಳಿದ್ದು ನಿಮಗೆ?”

ಯಾರೂ ಹೇಳಿರಲಿಲ್ಲ. ಅದು ಅವನೇ ಹೆಂಡತಿಗೆ ಹೇಳಿದ ಮಾತು. ಕ್ಯಾಮೆರಾ ಮನೆಗೆ ಬಂದ ದಿನ ಅವಳು ಮುಖ ತೊಳೆದು, ತಲೆ ಬಾಚಿಕೊಂಡು, ಬಾಗಿಲಿಗೆ ಬಂದು ನಿಂತು “ನನ್ನದೊಂದು ತೆಗೀರಿ ನೋಡೋಣ” ಎಂದಿದ್ದಳು. “ಇದು ಅದಕ್ಕಲ್ಲ ಕಣೇ, ಇದರಲ್ಲಿ ಮನುಷ್ಯರು ಬರಬಾರದು” ಎಂದು ದೊಡ್ಡ ಪಂಡಿತನಂತೆ ಹೇಳಿದ್ದ. “ಹಾಗಾ?” ಎಂದವಳು ಒಳಗೆ ಹೋಗಿ ಒಲೆ ಹಚ್ಚಿದ್ದಳು. ಆಮೇಲೆ ಆ ಮಾತು ಎತ್ತಲಿಲ್ಲ.

“ಇರಿ, ಕತ್ತಲೊಳಗೆ ಏನಾದ್ರೂ ಉಳ್ಕೊಂಡಿದ್ಯಾ ನೋಡೋಣ,” ಎಂದು ಸ್ಟುಡಿಯೋದವನು ಮೌಸು ಹಿಡಿದು ನೆರಳಿನ ಭಾಗಕ್ಕೆ ಬೆಳಕು ಏರಿಸತೊಡಗಿದ. ಆಕಾಶ ಬಿಳಚಿಕೊಂಡಿತು. ಅದರ ಕೆಳಗೆ, ಪಾತ್ರೆಯ ಮಸಿಯನ್ನು ಉಜ್ಜಿದಂತೆ, ಗಣಿಯ ಆಚೆ ಗೋಡೆ ನಿಧಾನವಾಗಿ ಕಾಣಿಸಿತು. ಕಲ್ಲು ತೆಗೆಯುವವರು ಬಿಟ್ಟುಹೋದ ಗಣಿ ಅದು. ಮಳೆನೀರು, ಒರತೆಯ ನೀರು ತುಂಬಿ ಕೆರೆಯಾಗಿತ್ತು. ಆಚೆ ಬದಿಯಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ನೀರಿಗೆ ಇಳಿಯುತ್ತಿದ್ದವು. ಕೊನೆಯ ಮೆಟ್ಟಿಲು ದಾಟಿದರೆ ಒಂದೇ ಸಮ ಆಳ. ಹಗ್ಗ ಬಿಟ್ಟು ನೋಡಿದವರಿಗೂ ತಳ ಸಿಕ್ಕಿರಲಿಲ್ಲ.

ಎಡಗಡೆ ಆ ಮೆಟ್ಟಿಲುಗಳ ಮೇಲೆ, ಸೊಂಟದವರೆಗಿನ ನೀರಿನಲ್ಲಿ, ಯಾರೋ ನಿಂತಿದ್ದರು.

“ಅರೆರೆ!” ಸ್ಟುಡಿಯೋದವನಿಗೆ ಖುಷಿಯೇ ಖುಷಿ. “ಇದೇ ನಾನು ಹೇಳಿದ್ದು! ಗೆರೆ ಸೇರೋ ಕಡೆ, ಅಳೆದು ನಿಲ್ಲಿಸಿದ ಹಾಗೆ ನಿಂತಿದ್ದಾರೆ ನೋಡಿ. ಕಳ್ಳರಪ್ಪಾ ನೀವು. ಯಾರನ್ನ ಹಿಡ್ಕೊಂಡು ಬಂದಿದ್ರಿ?”

ಸ್ಟುಡಿಯೋದವನು ಹಿಂದಿನ ದಿನದ ಚಿತ್ರ ತೆರೆದ. ಅಲ್ಲಿಯೂ ಬೆಳಕು ಏರಿಸಿದ. ಅದೇ ಆಕೃತಿ, ಅದೇ ಜಾಗ, ನೀರು ತೊಡೆಗೆ. ಅದರ ಹಿಂದಿನದರಲ್ಲಿ ಮೊಣಕಾಲಿಗೆ. ಇನ್ನೂ ಹಿಂದಕ್ಕೆ ಹೋದಂತೆ ಪಾದ ಮಾತ್ರ ಮುಳುಗಿತ್ತು. ಎಲ್ಲಕ್ಕಿಂತ ಮೊದಲಿನದರಲ್ಲಿ ಒಣ ಮೆಟ್ಟಿಲ ಮೇಲೆ ಸುಮ್ಮನೆ ಕೂತಿತ್ತು. ಪ್ರತಿ ಚಿತ್ರದಲ್ಲೂ ಮುಖ ಕ್ಯಾಮೆರಾದ ಕಡೆಗೇ ಇತ್ತು.

ಮೌಸಿನ ಮೇಲಿದ್ದ ಕೈ ನಿಂತಿತು. “ದಿನಕ್ಕೊಂದು ಮೆಟ್ಟಿಲು ಇಳಿದಿದ್ದಾರಲ್ರೀ,” ಎಂದ ಸ್ಟುಡಿಯೋದವನು. ಈಗ ಅವನ ದನಿಯಲ್ಲಿ ಖುಷಿಯಿರಲಿಲ್ಲ. “ಯಾರಿದು?”

“ಯಾರೋ.”

ಮುಖ ಒಂದು ಉಗುರಿನಷ್ಟೂ ಇರಲಿಲ್ಲ, ಗುರುತು ಸಿಗುವಂತಿರಲಿಲ್ಲ. ಆದರೆ ನಿಂತ ಆ ಆಕೃತಿ ಬಲಗೈಯಲ್ಲಿ ಎಡ ಮೊಣಕೈಯನ್ನು ಹಿಡಿದುಕೊಂಡಿತ್ತು. ಬಸ್ಸು ತಡವಾದ ದಿನಗಳಲ್ಲಿ ಬಾಗಿಲಲ್ಲಿ ಹಾಗೆ ನಿಲ್ಲುತ್ತಿದ್ದವಳು ಒಬ್ಬಳೇ.

“ಮುಂದಿನ ಸಲಕ್ಕೆ ಹೇಳಿರ್ತೀನಿ,” ಎಂದ ಸ್ಟುಡಿಯೋದವನು ಮಾತು ಬದಲಿಸಲೆಂದು. “ನೀವು ಗುಂಡಿ ಒತ್ತಿದಾಗ ಕ್ಯಾಮೆರಾ ಅಲುಗಾಡುತ್ತೆ. ಬಿಟ್ಟು ಬಿಟ್ಟು ತಾನೇ ತೆಗೆಯೋ ಹಾಗೆ ಇಟ್ಟಿದೀನಿ. ದಿನಾ ಚಿತ್ರ ತೆಗೆಯೋವಾಗ ಮುಂದಗಡೆ ಕೆಂಪು ದೀಪ ಮಿನುಗುತ್ತಲ್ಲ, ಅದು ಮಿನುಗಿದಾಗೆಲ್ಲ ಒಂದು ಚಿತ್ರ ಅಂತ ತಿಳ್ಕೊಳ್ಳಿ.”

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಮೇಜಿನ ಹತ್ತಿರ ಬೀನ್ಸಿನ ನಾರು ಬಿಡಿಸುತ್ತಿದ್ದಳು. ಬಾಗಿಲ ಬಳಿ ಅವಳ ಚಪ್ಪಲಿ ಇತ್ತು. ಅವನು ಬಗ್ಗಿ ಬೆರಳಿನಿಂದ ಒತ್ತಿ ನೋಡಿದ. ಅಟ್ಟೆ ಇನ್ನೂ ಒದ್ದೆಯಾಗಿತ್ತು. ಈ ಒದ್ದೆ ಅವನಿಗೆ ಹೊಸದಲ್ಲ. ಬಚ್ಚಲಿನ ಪೈಪು ಸೋರುತ್ತಿದೆ, ಪ್ಲಂಬರನನ್ನು ಕರೆಸಬೇಕು ಎಂದು ಅವನೇ ಹಲವು ಸಲ ಗೊಣಗಿದ್ದ.

“ಪೈಪ್ ರಿಪೇರಿ ಮಾಡಿಸ್ಲೇನೇ?” ಎಂದು ಕೇಳಿದ. ಕೇಳಬೇಕಾದದ್ದು ಬೇರೆಯೇ ಇತ್ತು, ಬಾಯಿಗೆ ಬಂದದ್ದು ಇದು.

“ಪೈಪ್ ಸರಿಯಾಗೇ ಇದೆಯಲ್ಲ.”

“ಬೆಳಗ್ಗೆ ಹೊತ್ತು ನೀನು ಎಲ್ಲಾದ್ರೂ ಹೋಗ್ತೀಯಾ?”

ಅವಳು ಬೀನ್ಸನ್ನು ಮುರಿದು ಬಟ್ಟಲಿಗೆ ಹಾಕಿದಳು. “ನೀವು ಎಲ್ಲಾದ್ರೂ ಹೋಗ್ತೀರಲ್ಲ, ಹಾಗೇ,” ಎಂದು ಸಣ್ಣಗೆ ನಕ್ಕಳು. “ಇವತ್ತು ಮೋಡ ಚೆನ್ನಾಗಿ ಬಂತಾ?”

“ಬಂತು,” ಎಂದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಹೆಂಗಸಿನ ಎದುರು ಅವನಿಗೆ ಹೆದರಿಕೆಯಾಯಿತು. ನಾಳೆ ಅವಳ ಹಿಂದೆಯೇ ಹೋಗುವುದು, ಕಣ್ಣಾರೆ ನೋಡುವುದು, ಆಮೇಲೆ ಮಾತು ಎಂದು ಲೆಕ್ಕ ಹಾಕಿಕೊಂಡ. ಕೇಳಿಬಿಡುವ ಧೈರ್ಯವಿಲ್ಲದವನು ಹಾಕಿಕೊಳ್ಳುವ ಲೆಕ್ಕ ಅದು.

ಸ್ಟಿಯರಿಂಗ್ ಹಿಡಿದು ಎಷ್ಟೋ ರಾತ್ರಿ ರೆಪ್ಪೆ ಮುಚ್ಚದವನು ಆ ರಾತ್ರಿ ಹಾಸಿಗೆಯಲ್ಲಿ ಕಣ್ಣು ತೆರೆದೇ ಮಲಗಿದ್ದ. ಪಕ್ಕದಲ್ಲಿ ಅವಳ ಉಸಿರು ಏರಿಳಿಯುತ್ತಿತ್ತು. ನಡುನೀರಿನಲ್ಲಿ ನಿಂತವರ ಉಸಿರು ಹೀಗೇ ಇರುತ್ತದೆಯೇ ಎಂದೆಲ್ಲ ತಲೆಗೆ ಬಂತು. ಬೆಳಗಿನ ಜಾವದಲ್ಲಿ, ಅಷ್ಟು ಹೊತ್ತೂ ಬಾರದ ನಿದ್ದೆ ಹಾಳಾದ್ದು ಬಂದೇಬಿಟ್ಟಿತು.

ಎಚ್ಚರವಾದಾಗ ಹಾಸಿಗೆಯ ಆ ಬದಿ ತಣ್ಣಗಿತ್ತು. ದಿನವೂ ಅವನು ಮೊದಲು ಹೊರಡುತ್ತಿದ್ದ, ಅವಳು ಮಲಗಿಯೇ ಇರುತ್ತಿದ್ದಳು. ಇವತ್ತು ಬಾಗಿಲು ಮುಂದಕ್ಕೆ ಎಳೆದಿತ್ತು, ಚಪ್ಪಲಿ ಇರಲಿಲ್ಲ. ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಓಡಿದ. ಓಡುವವನಿಗೆ ಕ್ಯಾಮೆರಾದ ಚೀಲ ಯಾಕೆ ಬೇಕಿತ್ತೋ, ಅಭ್ಯಾಸಬಲ, ಅದು ಹೆಗಲಿಗೇರಿತ್ತು. ಕಾಲೂ ಅಭ್ಯಾಸದ ದಾರಿಯನ್ನೇ ಹಿಡಿದು ಅವನನ್ನು ಎಂದಿನ ಈಚೆ ದಡಕ್ಕೆ ತಂದು ನಿಲ್ಲಿಸಿತು.

ಗಣಿಯಲ್ಲಿ ಗಾಳಿಯಿರಲಿಲ್ಲ. ನೀರು ಎಣ್ಣೆಯಂತೆ ಅಲುಗಾಡದೆ ಬಿದ್ದಿತ್ತು. ಆಚೆ ಗೋಡೆಯ ಮೇಲೆ ಆಕಾಶ ಆಗಲೇ ಬೆಳಕೇರಿ ಕಣ್ಣು ಕುಕ್ಕುತ್ತಿತ್ತು, ಅದರ ಬುಡವೆಲ್ಲ ಗವ್ವೆನ್ನುವ ಕಪ್ಪು. ಕೈ ಅಡ್ಡ ಹಿಡಿದು ನೋಡಿದ. ಕಣ್ಣು ಕಿರಿದು ಮಾಡಿ ನೋಡಿದ. ಕಲ್ಲು ಯಾವುದು, ನೀರು ಯಾವುದು, ಒಂದೂ ತಿಳಿಯಲಿಲ್ಲ. ಒಂದು ಹಕ್ಕಿ ಕೂಡ ಕೂಗಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಕೆಲವರಿಗೆ ಬೇಕಾಗುತ್ತದೆ. ಮೂರುಕಾಲಿನ ಸ್ಟ್ಯಾಂಡು ಬಿಡಿಸಿ ಕ್ಯಾಮೆರಾ ಕೂರಿಸಿದ. ಹೆಬ್ಬೆರಳನ್ನು ತಿರುಪಿನ ಮೇಲಿಟ್ಟು, ಜೀವನದಲ್ಲಿ ಮೊದಲ ಸಲ, ಬೆಳಕಿನ ಕಡೆಗೆ ತಿರುಗಿಸಿದ. ಪರದೆಯಲ್ಲಿ ಮೋಡಗಳು ಕರಗಿದವು. ಇನ್ನೂ ತಿರುಗಿಸಿದ. ಆಕಾಶ ಪೂರ್ತಿ ಬಿಳಿ ಕಾಗದವಾಯಿತು, ಕಣ್ಣಿಗೆ ಚುಚ್ಚಿತು, ಒಳಗಿನ ಡ್ರೈವರ್ ಬ್ರೇಕು ಒತ್ತು ಎಂದು ಚೀರಿದ. ಅವನು ನಿಲ್ಲಿಸಲಿಲ್ಲ. ಕಪ್ಪಿನೊಳಗಿಂದ ಗೋಡೆ ಬಂತು. ಮೆಟ್ಟಿಲು ಬಂತು. ಎಡಗಡೆ, ಗೆರೆ ಸೇರುವ ಜಾಗದಲ್ಲಿ, ಅವಳು ಬಂದಳು.

ನೀರು ಎದೆಯವರೆಗೆ ಇತ್ತು. ಅವಳು ಇವನನ್ನೇ ನೋಡುತ್ತಿದ್ದಳು.

“ಇವಳೇ!” ಎಂದು ಕೂಗಿದ. ಮದುವೆಯಾದಾಗಿನಿಂದ ಅವಳನ್ನು ಕರೆದದ್ದೆಲ್ಲ ಹೀಗೇ. ಬೇರೆ ಕರೆ ಅವನ ಬಾಯಿಗೆ ಬರುತ್ತಲೂ ಇರಲಿಲ್ಲ. ಗಣಿಯ ಗೋಡೆ ಅದನ್ನು ಹಿಡಿದು ಇವಳೇ, ಇವಳೇ ಎಂದು ತಿರುಗಿ ಎಸೆಯಿತು, ಯಾರೋ ಬೇರೆಯವರು ಅವಳನ್ನು ನೀರಿನೊಳಗಿಂದ ಕರೆದಂತೆ. ಅವನು ಕ್ಯಾಮೆರಾ ಅಲ್ಲೇ ಬಿಟ್ಟು ದಡದ ಸುತ್ತ ಓಡಿದ. ಜಲ್ಲಿಯ ಮೇಲೆ ಜಾರಿ ಬಿದ್ದು, ಎದ್ದು, ಮತ್ತೆ ಓಡಿದ.

ಮೇಲಿನ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಜೋಡಿಸಿಟ್ಟಿತ್ತು. ಅವನು ನೀರಿಗಿಳಿದ. ಒಂದೊಂದು ಮೆಟ್ಟಿಲಿಗೂ ಚಳಿ ಮೇಲೇರಿತು. ಹತ್ತಿರ ಹೋಗಿ ಅವಳ ಮೊಣಕೈ ಹಿಡಿದುಕೊಂಡ. ಅದು ಕಲ್ಲಿನಷ್ಟು ತಣ್ಣಗಿತ್ತು.

“ಮೇಲೆ ಬಾ.”

“ಇವತ್ತು ನಾನು ಕಾಣಿಸಿದ್ನಾ?” ಎಂದು ಅವಳು ಕೇಳಿದಳು. ಊಟಕ್ಕೆ ಉಪ್ಪು ಸಾಕಾ ಎಂದು ಕೇಳುವ ದನಿಯೇ.

“ಕಾಣಿಸ್ದೆ. ಬಾರೇ, ಮೇಲೆ ಬಾ.”

“ನಾನು ಇಲ್ಲಿಗೆ ಬರೋಕೆ ಶುರು ಮಾಡಿ ಎಷ್ಟೋ ವರ್ಷ ಆಯ್ತು ರೀ. ನೀವು ಬೆಳಗಿನ ಗಾಡಿಗೆ ಹೋದ್ಮೇಲೆ ಮನೆ ತಿನ್ನೋ ಹಾಗೆ ಆಗೋದು. ಹಿತ್ತಿಲ ಕಾಲುದಾರೀಲಿ ಬಂದು ಮೆಟ್ಟಿಲ ಮೇಲೆ ಸುಮ್ನೆ ಕೂತು ಹೋಗ್ತಿದ್ದೆ. ಆಮೇಲೆ ನೀವೇ ಎದುರು ದಡಕ್ಕೆ ಬಂದು ನಿಂತ್ರಿ. ನನ್ನ ಕಡೆಗೇ ಕ್ಯಾಮೆರಾ ತಿರುಗಿಸಿದ್ರಿ. ಅಬ್ಬ, ನೋಡಿದ್ರಲ್ಲ ಅಂದ್ಕೊಂಡೆ.” ಅವಳ ಹಲ್ಲು ಕಟಕಟ ಎನ್ನುತ್ತಿತ್ತು. “ಮನೆಗೆ ಬಂದು ಮೋಡದ ವಿಷಯ ಹೇಳಿದ್ರಿ.”

ಅವನು ಅವಳ ಒದ್ದೆ ಸೆರಗನ್ನು ಹೆಗಲಿಗೆ ಎಳೆದು ಹೊದಿಸಿದ.

“ಅದಕ್ಕೇ ಮಾರನೇ ದಿನ ಒಂದು ಮೆಟ್ಟಿಲು ಇಳಿದೆ. ಆವತ್ತೂ ಮೋಡ. ಇನ್ನೊಂದು ಇಳಿದೆ.”

“ಒಂದು ಕೂಗು ಹಾಕಬಾರದಿತ್ತಾ?”

“ಕೂಗಿದ್ರೆ ಯಾರು ಬೇಕಾದ್ರೂ ತಿರುಗಿ ನೋಡ್ತಾರೆ,” ಎಂದಳು ಅವಳು.

ಅವನು ಕಾಲನ್ನು ಮೆಲ್ಲಗೆ ಮುಂದಕ್ಕೆ ಸರಿಸಿ ನೋಡಿದ. ಬೆರಳುಗಳಿಗೆ ಕಲ್ಲಿನ ಅಂಚು ತಾಗಿತು. ಅದರಾಚೆ ಏನೂ ತಾಗಲಿಲ್ಲ. ಅವನು ಅವಳ ಇನ್ನೊಂದು ಮೊಣಕೈಯನ್ನೂ ಗಟ್ಟಿಯಾಗಿ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಮೇಲಕ್ಕೂ ಹೆಜ್ಜೆ ಇಡಲಿಲ್ಲ.

ಅಲ್ಲಿಂದ ತನ್ನ ಎಂದಿನ ದಡವನ್ನು ಅವನು ಎಂದೂ ನೋಡಿರಲಿಲ್ಲ. ತಾನು ದಿನವೂ ನಿಂತಿದ್ದ ಜಾಗ ಮರಗಳ ಕೆಳಗೆ ಬರೀ ಕತ್ತಲಾಗಿತ್ತು. ಕ್ಯಾಮೆರಾ ಇಲ್ಲ, ಸ್ಟ್ಯಾಂಡು ಇಲ್ಲ, ಅಲ್ಲೊಬ್ಬ ಮನುಷ್ಯ ನಿಲ್ಲುತ್ತಿದ್ದ ಎಂಬುದಕ್ಕೆ ಗುರುತೇ ಇಲ್ಲ. ಅಷ್ಟರಲ್ಲಿ ಆ ಕತ್ತಲಿನಲ್ಲಿ ಒಂದು ಕೆಂಪು ಚುಕ್ಕೆ ಹತ್ತಿ, ಆರಿತು.

“ಅಷ್ಟೇ ರೀ ನನಗೆ ದಿನಾ ಕಾಣ್ತಿದ್ದಿದ್ದು,” ಎಂದಳು ಅವಳು. “ಅದೇನದು?”

“ತಾನಾಗೇ ಚಿತ್ರ ತೆಗೀತಾ ಇದೆ.”

“ಅದರಲ್ಲಿ ನಾವು ಬರ್ತೀವಾ?”

ಅವನು ತಲೆಯೆತ್ತಿ ನೋಡಿದ. ಗೋಡೆಯ ಮೇಲೆ ಆಕಾಶ ಕೆಂಪು, ಹಳದಿ, ನೇರಳೆಯಾಗಿ ಹರಡಿಕೊಂಡಿತ್ತು. ಇಂಥದ್ದೊಂದು ಬೆಳಗಿಗಾಗಿಯೇ ಅವನು ಅಷ್ಟೊಂದು ದಿನ ಕಾದಿದ್ದ.

“ಆಕಾಶ ಹಾಳಾಗಿರುತ್ತೆ,” ಎಂದ. “ನಾವು ಬರ್ತೀವಿ.”

ಅವಳು ಒಂದು ಕೈ ಬಿಡಿಸಿಕೊಂಡು, ಹಣೆಯ ಮೇಲಿನ ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, ಆ ಕತ್ತಲಿನ ಕಡೆಗೆ ಮುಖ ಮಾಡಿ ನಿಂತಳು. ಅವನೂ ನಿಂತ. ನೀರು ಇಬ್ಬರ ಸುತ್ತಲೂ ಮೆಲ್ಲಗೆ ಸಮನಾಯಿತು. ಎದುರು ದಡದಲ್ಲಿ ಕೆಂಪು ಚುಕ್ಕೆ ಮತ್ತೆ ಹತ್ತಿತು.